ಗೆದ್ದವನ ಕೈ ನಡುಗಿದಾಗ

ನನ್ನ ಸೋದರಮಾವ ಜನ್ಮದಲ್ಲಿ ಕುಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳೋಣವೆಂದು ಕಾದರೆ ಮಧ್ಯದಲ್ಲಿ ಯಾರಾದರೂ ಎದ್ದು, "ಅಲ್ಲ ಅಕ್ಕ, ಬೆಂಕಿ ಇಲ್ಲದೆ ಹೊಗೆ ಬರ್ತದಾ?" ಎಂದು ಶುರು ಮಾಡುತ್ತಾರೆ. ಅಂಥವರ ಜೊತೆ ಜಗಳಾಡಿ ಆಡಿ ನನ್ನ ಗಂಟಲು ಒಣಗಿದೆ. ಬೀರು ಇಲ್ಲ, ಬ್ರಾಂದಿ ಇಲ್ಲ, ಊರಿಗೆ ಹೋದಾಗ ಒಂದು ಗುಟುಕು ಕಳ್ಳೂ ಇಲ್ಲ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಅನ್ನುತ್ತಾರಂತೆ. ನಮ್ಮ ಮಾವ ಆ ಮರದ ಹತ್ತಿರವೂ ಸುಳಿದವರಲ್ಲ. ಆದರೂ ಮುಂಬಯಿಯ ವಡಾಲದಿಂದ ಗೋರೆಗಾಂವ್‌ವರೆಗೆ ನಮ್ಮ ಜನರ ನಡುವೆ ಅವರ ಮಾತೆತ್ತಿದರೆ ಮೊದಲು ಬರುವುದು, "ಯಾರು, ಆ ಬೇವ್ಡಾ ಬಾಕ್ಸರಾ?" ಬೇವ್ಡಾ ಅಂದರೆ ಕುಡುಕ. ಈ ಊರಿನ ಮಕ್ಕಳು ಸರಿಯಾಗಿ ನಡೆಯಲು ಬರುವ ಮೊದಲೇ ಕಲಿಯುವ ಬೈಗುಳ. ಆ ಒಂದು ಶಬ್ದವನ್ನು ಮಾವನ ಮೈಮೇಲಿಂದ ಕಿತ್ತು ಎಸೆಯಬೇಕೆಂದು ನಾನು ಮದುವೆಯಾದ ದಿನದಿಂದ ಹೋರಾಡುತ್ತಿದ್ದೇನೆ.

ಮಾವ ನನ್ನ ಅಮ್ಮನ ತಮ್ಮ. ಮೀಸೆ ಸರಿಯಾಗಿ ಮೂಡುವ ಮೊದಲೇ ಉಡುಪಿ ಕಡೆಯಿಂದ ಬಂದು ವಡಾಲದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿ ನಿಂತರು. ಧಣಿಗಳೂ ನಮ್ಮೂರಿನವರೇ. ಹಗಲೆಲ್ಲ ಇಡ್ಲಿ ವಡೆ ಹೊತ್ತು, ಸಂಜೆ ಹೋಟೆಲ್ ಕೆಲಸದವರಿಗೆಂದೇ ಇದ್ದ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಶಾಲೆಯ ಹಿಂದೆ ಒಂದು ವ್ಯಾಯಾಮಶಾಲೆ, ಅಲ್ಲೊಬ್ಬ ಬಾಕ್ಸಿಂಗ್ ಮಾಸ್ತರರು. ಮಾವನ ಉದ್ದ ಕೈ ನೋಡಿ ಅವರೇ ಕರೆದರಂತೆ. ಲೆಕ್ಕ ಕಲಿಯಲು ಹೋದವರು ಗುದ್ದು ಕಲಿತು ಬಂದರು ಎಂದು ಅಮ್ಮ ನಗುತ್ತಿದ್ದಳು. ನಾನು ಶಾಲೆಗೆ ಸೇರುವ ಹೊತ್ತಿಗೆ ಮಾವ ರಾಜ್ಯ ಚಾಂಪಿಯನ್. ಬಂದರಿನ ಕಡೆ ಖಾಯಂ ನೌಕರಿಯೂ ಆಯಿತು, ಅದೂ ಬಾಕ್ಸಿಂಗಿನಿಂದಲೇ.

ಆಗಿನ ಮೆರೆದಾಟ ನೋಡಬೇಕಿತ್ತು! ಮಾವ ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹತ್ತಿದರೆ ಕೆಳಗಿನ ಮನೆಯ ಮರಾಠಿ ಅಜ್ಜಿ, "ಚಾಂಪಿಯನ್ ಆಲಾ ರೇ!" ಎಂದು ಅವರು ಬಂದ ಸುದ್ದಿ ಕೂಗಿ ಹೇಳುತ್ತಿದ್ದಳು. ಹಾಲು ಕುಡಿಯದ ಮಕ್ಕಳನ್ನೆಲ್ಲ ತಾಯಂದಿರು ಎಳೆದುಕೊಂಡು ಬಂದು ಅವರ ತೋಳು ಮುಟ್ಟಿಸುತ್ತಿದ್ದರು. ಹೋಟೆಲಿನಲ್ಲಿ ಧಣಿಗಳು ಗಲ್ಲಾದ ಮೇಲೆ, ವೆಂಕಟರಮಣ ದೇವರ ಪಕ್ಕದಲ್ಲೇ, ಮಾವನ ಫೋಟೋ ತೂಗು ಹಾಕಿದ್ದರು. ಗ್ಲೌಸ್ ಹಾಕಿ ಮುಷ್ಟಿ ಎತ್ತಿ ನಿಂತ ಫೋಟೋ. ಊದುಬತ್ತಿಯ ಹೊಗೆ ಇಬ್ಬರಿಗೂ ಸಮವಾಗಿ ಸಿಗುತ್ತಿತ್ತು. ಬಂದ ಗಿರಾಕಿಗಳಿಗೆಲ್ಲ ಧಣಿಗಳು ಹೇಳುವುದು, "ನಮ್ಮ ಇಡ್ಲಿ ತಿಂದು ಬೆಳೆದ ಕೈ ಅದು." ಇಡ್ಲಿ ತಿಂದವರೆಲ್ಲ ಚಾಂಪಿಯನ್ ಆಗುವುದಾದರೆ ಆ ಹೋಟೆಲಿನಿಂದ ವರ್ಷಕ್ಕೆ ಒಂದು ಸೈನ್ಯ ಹೊರಡಬೇಕಿತ್ತು. ಆದರೆ ಆಗ ನನಗೆ ಅದೆಲ್ಲ ತೋಚುತ್ತಿರಲಿಲ್ಲ. ಆ ಫೋಟೋದ ಕೆಳಗೆ ಕೂತು ಮಸಾಲೆದೋಸೆ ತಿನ್ನುವಾಗ ಇಡೀ ಮುಂಬಯಿ ನಮ್ಮದೇ ಅನ್ನಿಸುತ್ತಿತ್ತು.

ಮಾವ ರಿಂಗ್ ಬಿಟ್ಟದ್ದು ನಾನು ಕಾಲೇಜಿಗೆ ಹೋಗುವಾಗ. ಬಿಟ್ಟ ವರ್ಷವೇ ಧಣಿಗಳು ಕರೆಸಿದರು. ಹೋಟೆಲಿನ ಪಕ್ಕದ ಅಂಗಡಿಯ ಬಾಡಿಗೆದಾರ ಜಾಗ ಬಿಡುತ್ತಿರಲಿಲ್ಲ. ಅದು ಸಿಕ್ಕಿದರೆ ಹೋಟೆಲ್ ದೊಡ್ಡದಾಗುತ್ತಿತ್ತು. ಮಾವ ಹೋದಾಗ ಅಮ್ಮನೂ ನಾನೂ ಅಲ್ಲೇ ಫ್ಯಾಮಿಲಿ ರೂಮಿನಲ್ಲಿ ಚಹಾ ಕುಡಿಯುತ್ತಿದ್ದೆವು.

"ನೀನು ಎಂತದೂ ಮಾಡುದು ಬೇಡ ಮಾರಾಯ. ಕೈ ಎತ್ತುದೂ ಬೇಡ. ಸುಮ್ಮನೆ ನಾಲ್ಕು ದಿನ ಆ ಅಂಗಡಿ ಎದುರು ನಿಂತ್ರೆ ಸಾಕು," ಅಂದರು ಧಣಿಗಳು.

ಮಾವ ನಕ್ಕರು. "ಧಣಿ, ಎದುರಿಗಿದ್ದವನೂ ಗ್ಲೌಸ್ ಹಾಕಿದ್ರೆ ಮಾತ್ರ ನಾನು ನಿಲ್ಲುದು."

ಅಷ್ಟೇ. ಒಳ್ಳೆಯ ಮಾತೇ ಅಲ್ಲವೇ? ಆದರೆ ಧಣಿಗಳ ಮುಖ ಹುಳಿ ಮಜ್ಜಿಗೆ ಕುಡಿದವರ ಹಾಗೆ ಆಯಿತು. ಆ ದೀಪಾವಳಿಗೆ ಹೋಟೆಲಿಗೆ ಬಣ್ಣ ಬಳಿಯಲು ಫೋಟೋ ಇಳಿಸಿದರು. ಬಣ್ಣ ಒಣಗಿದ ಮೇಲೆ ದೇವರು ವಾಪಸ್ ಬಂದ, ಮಾವ ಬರಲಿಲ್ಲ. ಆ ಮೊಳೆಗೆ "ಹೊರಗಿನ ತಿಂಡಿ ಇಲ್ಲಿ ತಿನ್ನಬಾರದು" ಎಂಬ ಬೋರ್ಡು ಬಂತು. ನಾನು ಕೇಳಿಯೇ ಬಿಡುತ್ತೇನೆಂದು ಹೊರಟಾಗ ಮಾವ ತಡೆದರು. "ಅವರ ಗೋಡೆ, ಅವರ ಮೊಳೆ. ನಿನಗೆಂತ?" ಅಂದರು. ನನಗೆ ಎಂತ ಎಂದು ಕೇಳಬಾರದು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಹೋಟೆಲಿನವರ ಒಂದು ರಿವಾಜು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಧಣಿಗಳ ಹೋಟೆಲಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಬಂದವನ ಕೈಗೆ ಮೊದಲು ಅಂಚಿನವರೆಗೆ ನೀರು ತುಂಬಿದ ಲೋಟ ಕೊಡುತ್ತಿದ್ದರು. ಅವನು ಅದನ್ನು ಹಿಡಿದು ಗಲ್ಲಾದಿಂದ ಅಡುಗೆಮನೆಯವರೆಗೆ ನಡೆಯಬೇಕು. ನೀರು ಚೆಲ್ಲಿದರೆ ಹಿಂದಿನ ದಿನ ಕುಡಿದಿದ್ದಾನೆ ಎಂದು ಅರ್ಥ, ಅವತ್ತು ಅವನಿಗೆ ಸಾಂಬಾರಿನ ಬಾಲ್ದಿಯೂ ಇಲ್ಲ, ಎಣ್ಣೆಯ ಬಾಣಲೆಯ ಹತ್ತಿರ ಕೆಲಸವೂ ಇಲ್ಲ. ಕೂತು ಈರುಳ್ಳಿ ಸುಲಿಯಬೇಕು. ಈ ಪರೀಕ್ಷೆ ತಪ್ಪು ಎಂದು ನಾನು ಹೇಳುವುದಿಲ್ಲ. ಕುದಿಯುವ ಸಾಂಬಾರು ಗಿರಾಕಿಯ ತಲೆಯ ಮೇಲೆ ಬಿದ್ದರೆ ಯಾರು ಹೊಣೆ? ತಪ್ಪು ಏನೆಂದರೆ, ಈ ಪರೀಕ್ಷೆಯನ್ನು ಅವರು ಹೋಟೆಲಿನ ಬಾಗಿಲ ಹೊರಗೂ ಹೊತ್ತುಕೊಂಡು ಹೋದರು. ಮದುವೆಗೆ ಬಂದವನ ಕೈ ನೋಡುತ್ತಾರೆ. ಹೆಣ್ಣು ಕೇಳಲು ಬಂದವನ ಕೈ ನೋಡುತ್ತಾರೆ. ಚಹಾದ ಕಪ್ಪು ಬಸಿಯ ಮೇಲೆ ಟಕಟಕ ಅಂದರೆ ಮುಗಿಯಿತು, ಅವನ ಜಾತಕ ಬರೆದಾಯಿತು. ಕೈ ನಡುಗಲು ಲೋಕದಲ್ಲಿ ಬೇರೆ ಕಾರಣವೇ ಇಲ್ಲ ಇವರ ಪಾಲಿಗೆ.

ನನ್ನ ಮದುವೆ ಮಾಟುಂಗಾದ ಒಂದು ಹಾಲಿನಲ್ಲಿ ಆಯಿತು. ಮಾವನೇ ನನ್ನ ಕೈ ಹಿಡಿದು ಮಂಟಪಕ್ಕೆ ಕರೆತಂದರು. ಆಗ ಅವರ ಬೆರಳು ಸ್ವಲ್ಪ ಅದುರಿದ್ದು ನನಗೆ ತಿಳಿಯಿತು. ನನ್ನನ್ನು ಕಳಿಸಿಕೊಡುವ ದುಃಖ ಇರಬೇಕೆಂದು ನನಗೇ ಕಣ್ಣು ತುಂಬಿ ಬಂತು. ಊಟಕ್ಕೆ ಕೂತಾಗ ಮಾವ ಪಂಚೆ ಮೇಲೆತ್ತಿ ಕಟ್ಟಿ ಪಾಯಸದ ಬಾಲ್ದಿ ಹಿಡಿದರು. ನಮ್ಮಲ್ಲಿ ಹೆಣ್ಣಿನ ಸೋದರಮಾವ ಪಂಕ್ತಿಯಲ್ಲಿ ಪಾಯಸ ವಿಚಾರಿಸುವುದೆಂದರೆ ಸಣ್ಣ ಮಾತಲ್ಲ. ಪಂಕ್ತಿಗೆ ಪಂಕ್ತಿಯೇ ನೋಡುತ್ತದೆ. ಕ್ಯಾಟರಿಂಗಿನವರು ಇದ್ದರೂ ಆ ಒಂದು ಬಾಲ್ದಿ ಅವರದೇ.

ಬಡಿಸುತ್ತ ಬಡಿಸುತ್ತ ಸೌಟು ಬಾಲ್ದಿಯ ಅಂಚಿಗೆ ಕಟಕಟ ಬಡಿಯತೊಡಗಿತು. ನನ್ನ ಅತ್ತೆಯ ತಂಗಿಯ ಎಲೆಗೆ ಬರುವಾಗ ಪಾಯಸ ಎಲೆಗೆ ಬೀಳದೆ ಅವರ ರೇಷ್ಮೆ ಸೀರೆಯ ಮೇಲೆ ಬಿತ್ತು. ಧಣಿಗಳು ಪಂಕ್ತಿಯ ತುದಿಯಲ್ಲಿ ನಿಂತಿದ್ದರು. ಓಡಿ ಬಂದು ಬಾಲ್ದಿಯನ್ನು ಮಾವನ ಕೈಯಿಂದ ಕಿತ್ತುಕೊಂಡರು. ಅಷ್ಟಕ್ಕೆ ಬಿಟ್ಟರಾ? ಮಾವನ ಬಾಯಿಯ ಹತ್ತಿರ ಮೂಗು ತಂದು, ಎಲ್ಲರೆದುರು, ಮೂಸಿದರು!

"ಮದುವೆ ದಿನ ಆದ್ರೂ ಬಿಡಬಾರದಾ ಮಾರಾಯ?"

"ಧಣಿ, ನಾನು ಕುಡಿಯುದಿಲ್ಲ. ನಿಮಗೆ ಗೊತ್ತುಂಟು," ಅಂದರು ಮಾವ.

"ಏಲಕ್ಕಿ ಜಗಿದಿದ್ದಾನೆ," ಎಂದು ಧಣಿಗಳು ಪಂಕ್ತಿಯ ಕಡೆ ತಿರುಗಿ ಹೇಳಿದರು. "ವಾಸನೆ ಬರಬಾರದು ಅಂತ. ನಮ್ಮ ಅಡುಗೆ ಭಟ್ಟರೆಲ್ಲ ಮಾಡುದು ಇದನ್ನೇ. ನನಗೆ ಗೊತ್ತಾಗುದಿಲ್ವಾ?"

ಅಯ್ಯೋ ದೇವರೇ! ಏಲಕ್ಕಿಯ ಪಾಯಸ ಹಿಡಿದು ನಿಂತ ಮನುಷ್ಯನಿಂದ ಏಲಕ್ಕಿಯ ವಾಸನೆ ಬಾರದೆ ಇನ್ನೇನು ಬರಬೇಕಿತ್ತು? ಇಡೀ ಹಾಲಿನಲ್ಲಿ ಇದನ್ನು ಕೇಳುವ ಬಾಯಿ ಒಂದೂ ಇರಲಿಲ್ಲ. ಬಾಯಿಗಳೆಲ್ಲ ಅದೇ ಪಾಯಸ ಹೀರುತ್ತಿದ್ದವು. ನಾನು ಏಳಲು ಹೋದೆ. ಮದುಮಗಳು ಊಟದ ಮಧ್ಯೆ ಏಳಬಾರದೆಂದು ಯಾರೋ ಭುಜ ಹಿಡಿದು ಒತ್ತಿದರು. ಮಾವ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಅವರ ಎಲೆ ಖಾಲಿಯೇ ಉಳಿಯಿತು.

ಅವತ್ತಿನಿಂದ ಬೇವ್ಡಾ. ಗಂಡನ ಮನೆಗೆ ಕಾಲಿಟ್ಟ ಮೇಲೆ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ, "ನಿಮ್ಮ ಮಾವ ಯಾವಾಗಿನಿಂದ?" ಎಂಬುದು. ಮಾವನಿಗೆ ನೋಡುತ್ತಿದ್ದ ಹೆಣ್ಣಿನ ಕಡೆಯವರು ಆ ವಾರವೇ ಹಿಂದೆ ಸರಿದರು. ಮೊದಲೇ "ಪೆಟ್ಟು ತಿನ್ನುವ ಕೆಲಸ" ಎಂದು ಅನುಮಾನಿಸಿದ್ದವರಿಗೆ ಈಗ ನೆಪ ಸಿಕ್ಕಿತು. ಮಾವ ಮದುವೆಯಾಗದೆಯೇ ಉಳಿದರು. ಹಳೆಯ ಗೆಲುವುಗಳಿಗೂ ಹೊಸ ಅರ್ಥ ಬಂತು. "ಕುಡಿದು ಹೊಡೀತಿದ್ದ, ಅದಕ್ಕೇ ನೋವು ಗೊತ್ತಾಗ್ತಿರ್ಲಿಲ್ಲ" ಎಂದು ಒಬ್ಬ ಮಹಾನುಭಾವ ನನ್ನ ಎದುರಿಗೇ ಹೇಳಿದ. ಅವನ ಕೈಯಲ್ಲಿ ಆಗ ವಿಸ್ಕಿಯ ಗ್ಲಾಸಿತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ, ಹಾಗಾಗಿ ಅವನು ಮರ್ಯಾದಸ್ಥ!

ಅಮ್ಮನಿಗೆ ಒಂದೇ ದಾರಿ ಗೊತ್ತಿತ್ತು. "ತಮ್ಮಾ, ಊರಿಗೆ ಹೋಗುವ. ದೇವರ ಎದುರು ನಿಂತು ಒಂದು ಪ್ರಮಾಣ ಮಾಡಿ ಬಿಡು. ಅಲ್ಲಿ ಮಾಡಿದ ಮೇಲೆ ಯಾರೂ ಮಾತಾಡುದಿಲ್ಲ," ಎಂದು ಕಾಲು ಹಿಡಿಯುವುದೊಂದು ಬಾಕಿ. ನಮ್ಮ ಜನರಿಗೆ ದೇವರೆದುರಿನ ಆಣೆ ಎಂದರೆ ಕೋರ್ಟಿನ ತೀರ್ಪಿಗಿಂತ ಮೇಲೆ.

"ಸುಳ್ಳು ಹೇಳಿದವರು ಅವರು. ಪ್ರಮಾಣ ನಾನು ಮಾಡ್ಬೇಕಾ?" ಅಂದರು ಮಾವ. ಹೋಗಲಿಲ್ಲ.

ನನ್ನ ಮಾವ ಎಂದು ಹೇಳುತ್ತಿಲ್ಲ, ಆ ಮಾತಿಗೆ ನಾನು ಇವತ್ತೂ ತಲೆಬಾಗುತ್ತೇನೆ. ಜನ ಏನೆಂದರು? "ನೋಡಿ, ಪ್ರಮಾಣಕ್ಕೆ ಹೆದರಿದ." ಊರ ಬಾಯಿಗೆ ಬೀಗ ಉಂಟಾ?

ನಡುಕ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಕೆಲಸದಿಂದ ನಿವೃತ್ತಿಯಾದ ಮೇಲೆ ಅಂಗಿಯ ಗುಂಡಿ ಹಾಕಲೂ ಕಷ್ಟವಾಯಿತು. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದಳು. ನಾನು ಗೋರೆಗಾಂವ್‌ನಿಂದ ಹಾರ್ಬರ್ ಲೈನಿನ ರೈಲು ಹಿಡಿದು ವಡಾಲಕ್ಕೆ ಹೋಗಿ, ಮಾವನನ್ನು ಎಳೆದುಕೊಂಡೇ ನರಗಳ ಡಾಕ್ಟರ ಹತ್ತಿರ ಹೋದೆ. ಡಾಕ್ಟರರು ಬೆರಳು ಆಡಿಸಿ ನೋಡಿದರು, ನಡೆಸಿ ನೋಡಿದರು, ಏನೇನೋ ಪರೀಕ್ಷೆ ಮಾಡಿಸಿದರು. ಕೊನೆಗೆ ಹೇಳಿದರು: ಇದು ನರದ ಕಾಯಿಲೆ, ಕುಡಿತದ ಲಕ್ಷಣವೇ ಇಲ್ಲ. ಅಷ್ಟು ವರ್ಷ ತಲೆಗೆ ಬಿದ್ದ ಪೆಟ್ಟಿನ ಫಲ ಇರಬೇಕು, ಬಾಕ್ಸಿಂಗ್ ಮಾಡಿದವರಲ್ಲಿ ಇದನ್ನು ನೋಡಿದ್ದೇವೆ. ಪೂರ್ತಿ ಗುಣವಾಗುವುದಿಲ್ಲ, ಮಾತ್ರೆಯಿಂದ ಹಿಡಿತಕ್ಕೆ ತರಬಹುದು.

ಕಾಯಿಲೆಯ ಸುದ್ದಿ ಕೇಳಿ ಯಾರಾದರೂ ಸಂತೋಷಪಡುತ್ತಾರಾ? ನಾನು ಪಟ್ಟೆ. ಆಸ್ಪತ್ರೆಯ ಹೊರಗೆ ಟ್ಯಾಕ್ಸಿಯಲ್ಲಿ ಕೂತು ನಮ್ಮವರಿಗೆಲ್ಲ ಫೋನು ಹಚ್ಚಿದೆ. ಕೇಳಿ, ಡಾಕ್ಟರೇ ಹೇಳಿದ್ದಾರೆ, ಕುಡಿತ ಅಲ್ಲ! ಆ ಕಡೆಯಿಂದ ಬಂದ ಉತ್ತರ: "ಹೌದಾ? ಪಾಪ." ಅದರ ಹಿಂದೆಯೇ, "ಕುಡಿದ್ರೂ ನರ ಹಾಳಾಗ್ತದಂತಲ್ವಾ?" ಇನ್ನೊಬ್ಬಳು, "ಅಷ್ಟು ಪೆಟ್ಟು ತಿನ್ಲಿಕ್ಕೆ ಯಾರು ಹೇಳಿದ್ದು? ಮಂಡೆ ಸರಿ ಇದ್ದವರು ಹೋಗ್ತಾರಾ ಅದಕ್ಕೆ?" ಎಂದಳು. ಪಕ್ಕದಲ್ಲಿ ಕೂತ ಮಾವ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ವಡಾಲದಲ್ಲಿ ಇಳಿಯುವಾಗ, "ನಿನ್ನನ್ನು ಯಾರು ಫೋನು ಮಾಡ್ಲಿಕ್ಕೆ ಹೇಳಿದ್ದು?" ಎಂದು ಗದರಿದರು. ಅಷ್ಟು ಗಟ್ಟಿಯಾಗಿ ಅವರು ನನ್ನನ್ನು ಗದರಿದ್ದು ಅದೇ ಮೊದಲು. ನಾನು ಅದನ್ನು ಕಾಯಿಲೆಯ ಬೇಸರ ಎಂದುಕೊಂಡೆ.

ಈಚೆಗೆ ಬಾಕ್ಸಿಂಗಿಗೆ ಶುಕ್ರದೆಸೆ ಬಂದಿದೆ. ಹುಡುಗಿಯರು ಪದಕ ತರುತ್ತಾರೆ, ಬಾಕ್ಸರುಗಳ ಮೇಲೆ ಸಿನಿಮಾ ಬರುತ್ತದೆ, ಬಾಂದ್ರಾದಲ್ಲಿ ಹೊಟ್ಟೆ ಕರಗಿಸಲು ಬಾಕ್ಸಿಂಗ್ ಕ್ಲಾಸು ನಡೆಯುತ್ತದೆ. ಧಣಿಗಳು ಈಗಿಲ್ಲ. ಅವರ ಮಗ ಇಲ್ಲಿನ ನಮ್ಮ ಊರವರ ಸಂಘದ ಅಧ್ಯಕ್ಷ. ಈ ಅಧ್ಯಕ್ಷರ ಮಗಳು ಗುಲಾಬಿ ಬಣ್ಣದ ಗ್ಲೌಸ್ ಹಾಕಿಕೊಂಡು ಆ ಕ್ಲಾಸಿಗೆ ಹೋಗುತ್ತಾಳೆ. "ನಮ್ಮ ಹೋಟೆಲಲ್ಲೂ ಒಬ್ಬ ಚಾಂಪಿಯನ್ ಇದ್ದ" ಎಂದು ಅಪ್ಪ ಹೇಳಿದ್ದೇ ತಡ, ಅವಳು "ವಾವ್ ಪಪ್ಪಾ, ಉನ್ಕೋ ಬುಲಾವೋ ನಾ!" ಎಂದು ಕರೆಸಲು ಹಟ ಹಿಡಿದಳಂತೆ. ಸಂಘದವರಿಗೆ ಥಟ್ಟನೆ ನೆನಪಾಯಿತು, ಮಾವ ನಮ್ಮ ಸಮಾಜದ ಹೆಮ್ಮೆ! ಇಷ್ಟು ವರ್ಷ ಹೆಮ್ಮೆ ಎಲ್ಲಿ ನಿದ್ದೆ ಮಾಡುತ್ತಿತ್ತೋ. ಅಧ್ಯಕ್ಷರು ಗೋರೆಗಾಂವ್‌ನ ನಮ್ಮ ಮನೆಗೇ ಬಂದರು. ವಾರ್ಷಿಕೋತ್ಸವದಲ್ಲಿ ಮಾವನಿಗೆ ಸನ್ಮಾನ ಮಾಡಬೇಕು, ನೀವು ಒಪ್ಪಿಸಬೇಕು ಎಂದರು.

ನಾನು ಚಹಾ ಕೊಟ್ಟೆ. ಕೊಟ್ಟು ಹೇಳಿದೆ, "ಒಂದು ಶರತ್ತು ಉಂಟು. ನಿಮ್ಮ ಅಪ್ಪ ನನ್ನ ಮದುವೆಯಲ್ಲಿ ಎಲ್ಲರೆದುರು ಹೇಳಿದ್ದನ್ನು ನೀವು ಎಲ್ಲರೆದುರು ವಾಪಸ್ ತಗೊಳ್ಬೇಕು. ಮೈಕಿನಲ್ಲಿ. ಮಾವ ಯಾವತ್ತೂ ಕುಡಿದವರಲ್ಲ ಅಂತ. ಇಲ್ಲದಿದ್ರೆ ನಿಮ್ಮ ಶಾಲು ನೀವೇ ಹೊದ್ದುಕೊಳ್ಳಿ."

"ಅಯ್ಯೋ ಅಕ್ಕ, ಅದೆಲ್ಲ ಹಳೇ ಕಥೆ. ಆದ್ರೂ ನೀವು ಹೇಳಿದ ಮೇಲೆ ಮುಗೀತು. ಕುಡಿತದ ವಿಷಯ ನಾನೇ ಸ್ಟೇಜಲ್ಲಿ ಕ್ಲಿಯರ್ ಮಾಡ್ತೇನೆ," ಅಂದರು.

ಅಷ್ಟು ವರ್ಷದ ಜಗಳ ಗೆದ್ದೆ ಎಂದುಕೊಂಡು ಆ ವಾರವೆಲ್ಲ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಬೆಳಿಗ್ಗೆ ಮಾಟುಂಗಾದ ಹಾಲ್ ಜನರಿಂದ ತುಂಬಿತ್ತು. ಮಾವನಿಗೆ ಗುಂಡಿ ಹಾಕಿ ಕೊಟ್ಟು, ತಲೆ ಬಾಚಿ, ಮುಂದಿನ ಸಾಲಿನಲ್ಲಿ ಕೂತೆ. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿ ನಡುಗಿದ್ದನ್ನು ನೋಡಿ ಫೋಟೋದವನು ಮುಖ ಕಿವುಚಿದ. ಯಾರಿಗೋ ಉಪಾಯ ಹೊಳೆಯಿತು, ಅಧ್ಯಕ್ಷರ ಮಗಳ ಗುಲಾಬಿ ಗ್ಲೌಸನ್ನೇ ಮಾವನಿಗೆ ತೊಡಿಸಿ, ಮುಷ್ಟಿ ಎತ್ತಿಸಿ ಫೋಟೋ ತೆಗೆದರು. ನಗೆಪಾಟಲು! ನಾನು ಹಲ್ಲು ಕಚ್ಚಿ ಕೂತೆ. ಆಗಲಿ, ಆ ಮಾತೊಂದು ಬರಲಿ, ಉಳಿದದ್ದೆಲ್ಲ ಸಹಿಸುತ್ತೇನೆ ಎಂದುಕೊಂಡೆ.

ಅಧ್ಯಕ್ಷರು ಮೈಕು ಹಿಡಿದರು. ಹೊಗಳಿ ಹೊಗಳಿ ಮಾವನನ್ನು ಹೊನ್ನಶೂಲಕ್ಕೆ ಏರಿಸಿದರು. ಹೋಟೆಲಿನ ಇಡ್ಲಿಯೂ ಬಂತು, ರಾತ್ರಿ ಶಾಲೆಯೂ ಬಂತು. ಕೊನೆಗೆ ನನ್ನ ಕಡೆ ನೋಡಿ ಮುಗುಳ್ನಕ್ಕರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ.

"ಬಂಧುಗಳೇ, ರಿಂಗಿನ ಒಳಗೆ ಎಷ್ಟೋ ಎದುರಾಳಿಗಳನ್ನು ಕೆಡವಿದ ಈ ಹಿರಿಯರಿಗೆ ರಿಂಗಿನ ಹೊರಗೆ ಇನ್ನೂ ದೊಡ್ಡ ಎದುರಾಳಿ ಎದುರಾದ. ಅವನೇ ಕುಡಿತ! ನಮ್ಮಲ್ಲಿ ಹಲವರಿಗೆ ಅದು ಗೊತ್ತು, ನಾವು ಮುಚ್ಚಿಡುವುದು ಬೇಡ. ಆದರೆ ನಮ್ಮ ಚಾಂಪಿಯನ್ ಅವನನ್ನೂ ನಾಕೌಟ್ ಮಾಡಿದರು! ಇವತ್ತು ಒಂದು ಹನಿ ಮುಟ್ಟುವುದಿಲ್ಲ. ಇದು ನಮ್ಮ ಯುವಕರಿಗೆ ಆದರ್ಶ!"

ಚಪ್ಪಾಳೆ ಬಿತ್ತು. ರಾಜ್ಯ ಚಾಂಪಿಯನ್ ಎಂದಾಗ ಬಿದ್ದ ಚಪ್ಪಾಳೆಗಿಂತ ಜೋರಾಗಿಯೇ ಬಿತ್ತು. ನಾನು ಎದ್ದು ನಿಂತು ಕೂಗಿದೆ, "ಸುಳ್ಳು! ಅವರು ಯಾವತ್ತೂ ಕುಡಿದವರಲ್ಲ! ಅವರಿಗೆ ಇರುವುದು..."

"ಕೂತ್ಕೊ."

ಮಾವನ ಧ್ವನಿ. ಗ್ಲೌಸ್ ಹಾಕಿದ ಕೈಯನ್ನು ನನ್ನ ಕಡೆ ಚಾಚಿದ್ದರು. ಅಧ್ಯಕ್ಷರು ಗಾಬರಿಯಿಂದ, "ಅಕ್ಕ, ನಾನಾಗಿ ಹೇಳಿದ್ದಲ್ಲ..." ಎಂದು ತೊದಲಿದರು. ಮಾವ ಎದ್ದು ಮೈಕಿನ ಹತ್ತಿರ ಬಂದರು.

"ಅವಳು ನನ್ನ ಸೊಸೆ, ಅಕ್ಕನ ಮಗಳು. ಪ್ರೀತಿ ಜಾಸ್ತಿ. ಅಧ್ಯಕ್ಷರು ಹೇಳಿದ್ದು ಸರಿ. ಕುಡೀತಾ ಇದ್ದೆ. ಬಿಟ್ಟೆ."

ಇಡೀ ಸಭೆ ಎದ್ದು ನಿಂತಿತು. ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಳಗಿಳಿದ ಮೇಲೆ ಕಾಲಿಗೆ ಬೀಳುವವರೆಷ್ಟು, ಸೆಲ್ಫಿ ತೆಗೆಯುವವರೆಷ್ಟು! ಒಬ್ಬಾಕೆ ನನ್ನ ಕೈ ಹಿಡಿದು, "ನಿಮ್ಮ ಮಾವ ಗ್ರೇಟ್ ಅಕ್ಕ. ನಮ್ಮ ಇವರಿಗೂ ಸ್ವಲ್ಪ ಬುದ್ಧಿ ಹೇಳ್ಲಿಕ್ಕೆ ಹೇಳಿ," ಎಂದು ಕಣ್ಣೊರೆಸಿಕೊಂಡಳು. ನನಗೆ ಅವಳ ಕೈ ಕೊಡವಿ ಓಡಬೇಕೆನ್ನಿಸಿತು. ಅಧ್ಯಕ್ಷರು ಬಂದು ಪಿಸುಗುಟ್ಟಿದರು: ಮಾವನೇ ಮೂರು ದಿನದ ಹಿಂದೆ ಫೋನು ಮಾಡಿ, ಹೀಗೆಯೇ ಹೇಳಿ, ನನ್ನ ಸೊಸೆಗೆ ತಿಳಿಸಬೇಡಿ ಅಂದರಂತೆ.

ಟ್ಯಾಕ್ಸಿ ಹಿಡಿದು ವಡಾಲದ ಅವರ ಕೋಣೆಗೆ ಹೋಗಿ, ಹಣ್ಣಿನ ಬುಟ್ಟಿಯನ್ನು ಧಡ್ಡನೆ ನೆಲಕ್ಕಿಟ್ಟೆ.

"ಯಾಕೆ ಮಾವ? ಅಮ್ಮ ಇದಕ್ಕಾಗಿ ಅತ್ತತ್ತು ಸತ್ತಳು. ನಾನು ಗಂಡನ ಮನೆಯವರ ಜೊತೆ, ಊರವರ ಜೊತೆ, ಸಂಘದವರ ಜೊತೆ ಕಚ್ಚಾಡಿದೆ. ದೇವರ ಎದುರು ಸತ್ಯ ಹೇಳ್ಲಿಕ್ಕೆ ಒಪ್ಪದವರು ಮೈಕಿನ ಎದುರು ಸುಳ್ಳು ಹೇಳಿದ್ರಲ್ಲ! ನಾಚಿಕೆ ಆಗುದಿಲ್ವಾ ನಿಮಗೆ?"

ಮಾವ ಮಂಚದ ಮೇಲೆ ಕೂತರು. ಪೇಟ ತೆಗೆದಿರಲಿಲ್ಲ.

"ಆ ಡಾಕ್ಟರ್ ಎಂತ ಹೇಳಿದ್ದು ಮಗಾ? ಪೆಟ್ಟು ಬಿದ್ದು ಬಿದ್ದು ಹೀಗಾದದ್ದು ಅಂತ ಅಲ್ವಾ?"

"ಹೌದು. ಅದನ್ನೇ ಹೇಳ್ಬೇಕಿತ್ತು ಅಲ್ಲಿ."

"ಯಾರು ಹೊಡೆದದ್ದು?"

ಉತ್ತರವನ್ನೂ ಅವರೇ ಹೇಳಿದರು.

"ನಾನು ಸೋಲಿಸಿದವರು. ನಾನು ರಾಜ್ಯ ಚಾಂಪಿಯನ್ ಆದ ಫೈನಲಲ್ಲಿ ಬಿದ್ದವ ಈಗಲೂ ಇದ್ದಾನೆ. ಚಹಾ ಕುಡೀತಾನೆ, ಪೇಪರ್ ಓದ್ತಾನೆ, ಮೊಮ್ಮಗುವನ್ನು ಎತ್ಕೊಳ್ತಾನೆ. ನನಗೆ ಲೋಟ ಹಿಡೀಲಿಕ್ಕೆ ಆಗುದಿಲ್ಲ. ಇದನ್ನು ಮೈಕಲ್ಲಿ ಹೇಳಿದ್ರೆ ಆ ಜನ ಎಂತ ಹೇಳ್ತಿದ್ರು? ನೀನು ಫೋನು ಮಾಡಿದ ದಿನ ಹೇಳಿದ್ರಲ್ಲ, ಅದನ್ನೇ. ಪಾಪ ಅಂತ. ಆಗ ಆ ಫೈನಲ್ ಗೆದ್ದದ್ದು ಯಾರು? ಅವನಾ, ನಾನಾ?"

"ನೀವೇ ಮಾವ. ನೀವೇ ಗೆದ್ದದ್ದು." ಸಿಟ್ಟಿನಲ್ಲಿಯೇ ಹೇಳಿದೆ.

"ಕುಡಿತ ಆದ್ರೆ ಬಿಡ್ಬಹುದು. ಬಿಟ್ಟವನಿಗೆ ಎದ್ದು ನಿಂತು ಕೈ ತಟ್ತಾರೆ. ಇದನ್ನು ಬಿಡ್ಲಿಕ್ಕೆ ಆಗ್ತದಾ ನನಗೆ?" ಎಂದು ಎರಡೂ ಕೈ ಮುಂದೆ ಚಾಚಿ ತೋರಿಸಿದರು.

ಅವರ ಮೇಲಿನ ಸಿಟ್ಟು ಆ ಕ್ಷಣ ಇಳಿಯಿತು. ಉಳಿದವರ ಮೇಲಿನದು ಇಳಿದಿಲ್ಲ, ಇಳಿಯುವುದೂ ಇಲ್ಲ. ಇಷ್ಟು ದೊಡ್ಡ ಊರಿನಲ್ಲಿ, ಇಷ್ಟೆಲ್ಲ ನಮ್ಮವರ ನಡುವೆ, ಪೆಟ್ಟು ತಿಂದೂ ಗೆದ್ದ ಮನುಷ್ಯನೊಬ್ಬನಿಗೆ ತನ್ನ ಗೆಲುವು ಉಳಿಸಿಕೊಳ್ಳಲು ಕುಡುಕ ಎಂದು ಒಪ್ಪಿಕೊಳ್ಳುವುದೊಂದೇ ದಾರಿ ಬಿಟ್ಟಿದ್ದಾರೆ. ಥೂ!

ಮುಂದಿನ ತಿಂಗಳು ಸಂಘದವರು ಕುಡಿತ ಬಿಡಿಸುವ ಶಿಬಿರ ಮಾಡುತ್ತಾರೆ. ಮಾವ ಮುಖ್ಯ ಅತಿಥಿ. ಗುಂಡಿ ಹಾಕಿಕೊಟ್ಟು ಕರೆದುಕೊಂಡು ಹೋಗುವವಳು ನಾನೇ. ಅಲ್ಲಿ ಬಾಯಿ ಬಿಡುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಬರೆಯುವುದಿಲ್ಲ ಎಂದು ನಾನು ಮಾತು ಕೊಟ್ಟಿಲ್ಲ. ಹೆಸರು ಮಾತ್ರ ಹಾಕಿಲ್ಲ.